ಒಪ್ಪೋಲೆ

ಕಿಸುಮುವಿನಲ್ಲಿ, ಪಂಚರು ಅಂಗಡಿಯ ಮೇಲಿನ ಮಹಡಿ
ನಮ್ಮ ಪ್ರಕಾಶನ. ಎರಡು ಮೇಜು, ಒಂದೂವರೆ ಕಿಟಕಿ.
ಉಳಿದರ್ಧಕ್ಕೆ ಅಡ್ಡ ನಿಂತಿರುವುದು
ಎರಡನೇ ತರಗತಿಯ ಪರಿಸರ ಪಾಠ,
ಮಾರದೆ ಉಳಿದ ನಾನೂರು ಪ್ರತಿ.

ಯಜಮಾನಿ ಪರ್ಪೆಚುವಾ ಅಜ್ವಾಂಗ್.
ಇಪ್ಪತ್ತೆರಡು ವರ್ಷ ಸೀಮೆಸುಣ್ಣ ತೇದು
ಬಂದ ಇಡುಗಂಟನ್ನು ಕಾಗದಕ್ಕೆ ಸುರಿದವಳು.
ನಾನು ಅಕ್ಷರ ಕೂಡಿಸುವವನು, ಮೇಕೆ ದೋಣಿ ಬರೆಯುವವನು,
ಬಾಕಿ ವಸೂಲಿಗೆ ಹೋಗಿ
ಚಹಾ ಕುಡಿದು ಬರುವವನು.

ದೊಡ್ಡವರ ಪುಸ್ತಕ ನೈರೋಬಿಯಿಂದ ಲಾರಿಯಲ್ಲಿ ಬರುತ್ತದೆ,
ನಮ್ಮದು ಮಟಾಟುವಿನ ನೆತ್ತಿಯ ಮೇಲೆ, ಕೋಳಿಬುಟ್ಟಿಯ ಪಕ್ಕ.
ಟೆಂಡರಿನ ದಿನ ನಮಗೂ ಒಂದು ಕುರ್ಚಿ ಹಾಕುತ್ತಾರೆ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಪರಿಶೀಲನಾ ಸಮಿತಿಗೆ ಆರು ಪ್ರತಿ, ಶುಲ್ಕದ ರಸೀತಿ,
ಆಮೇಲೆ ಐದು ತಿಂಗಳ ಮೌನ.
ಕೊನೆಗೊಂದು ಸಾಲಿನ ಪತ್ರ ಬಂತು:
‘ಪುಟ ಹನ್ನೊಂದರ ಮೇಕೆಗೆ ಗಡ್ಡ ಅತಿಯಾಯಿತು.’
ಗಡ್ಡ ಬೋಳಿಸಿದೆ.
ಅನುಮತಿ ಸಿಕ್ಕಿತು.

ಮೇಕೆಯನ್ನು ಅಷ್ಟು ನೋಡಿದವರು
ಉತ್ತರಗಳ ಪುಟ ನೋಡಲಿಲ್ಲ. ನಾನೂ ನೋಡಲಿಲ್ಲ.
ಕರೆಂಟು ಹೋದ ರಾತ್ರಿ, ಫೋನಿನ ಬೆಳಕು,
ಬೆಳಗ್ಗೆ ಆರಕ್ಕೆ ಮುದ್ರಣಾಲಯಕ್ಕೆ ಕೊಡಬೇಕು.
ಎಂಟು ದೋಣಿ, ದೋಣಿಗೆ ಏಳು ಮೀನು, ಒಟ್ಟು ಎಷ್ಟು?
ಅರವತ್ತೈದು ಎಂದು ಒತ್ತಿತು ನನ್ನ ಬೆರಳು.
ಎರಡು ಸಾವಿರ ಪ್ರತಿ.
ಸರೋವರ ಎಂದೂ ಕೊಡದ ಒಂಬತ್ತು ಮೀನು
ಪ್ರತಿ ಪುಸ್ತಕದಲ್ಲೂ ನಾವು ಕೊಟ್ಟೆವು.

ಮ್ಫಾಂಗಾನೊ ದ್ವೀಪದಿಂದ ಫೋನು ಬಂದದ್ದು ಜೂನಿನಲ್ಲಿ.
ಒಚುಕಾ ಎಂಬ ಹುಡುಗ ಐವತ್ತಾರು ಎಂದನಂತೆ,
ಮೇಷ್ಟ್ರು ಪುಸ್ತಕ ತೆರೆದು ತೋರಿಸಿದರಂತೆ.
ಅಚ್ಚಾದದ್ದು ಸುಳ್ಳಾಗುತ್ತದೆಯೇ?
ಆದರೂ ಅವನು ಐವತ್ತಾರೇ ಎಂದನಂತೆ.
ಒಂದು ಗಂಟೆ ಬಿಸಿಲಲ್ಲಿ ನಿಂತನಂತೆ.
ಹೇಳಿದ್ದು ಆ ಮೇಷ್ಟ್ರೇ.
ರಾತ್ರಿ ಬೆರಳು ಮಡಿಚಿ ಎಣಿಸಿಕೊಂಡು
ಬೆಳಗಾಗುವವರೆಗೆ ಕಾದು ಫೋನು ಮಾಡಿದ್ದರು.

ಅಜ್ವಾಂಗ್ ನನ್ನನ್ನು ಬೈಯಲಿಲ್ಲ.
ಬೈದಿದ್ದರೆ ಎಷ್ಟೋ ವಾಸಿ.
ಕತ್ತರಿ ಕೈಗಿಟ್ಟಳು.
ಬೆರಳುದ್ದದ ಚೀಟಿ, ಎರಡು ಸಾವಿರ,
ಒಂದೊಂದರಲ್ಲೂ ಐವತ್ತಾರು.
ಸಂಜೆಗೆ ಹೆಬ್ಬೆರಳಲ್ಲಿ ಗುಳ್ಳೆ ಎದ್ದಿತು.
ತಪ್ಪು ಮಾಡಲು ಒಂದು ಬೆರಳು ಸಾಕಾಗಿತ್ತು,
ಒಪ್ಪಿಕೊಳ್ಳಲು
ಹತ್ತೂ ಬೆರಳು, ಮೂರು ಡಬ್ಬಿ ಗೋಂದು.

ಅಂಟಿಸುತ್ತ ಹೋದೆವು, ಶಾಲೆಯಿಂದ ಶಾಲೆಗೆ.
ಕೆಲವೆಡೆ ಪುಸ್ತಕ ಇನ್ನೂ ಕಟ್ಟೇ ಬಿಚ್ಚಿರಲಿಲ್ಲ,
ಅದನ್ನು ನೋಡಿ ಬಂದ ನೋವು ಬೇರೆ.
ಒಂದೆಡೆ ನಮ್ಮ ಪುಸ್ತಕದ ಕಳ್ಳ ಜೆರಾಕ್ಸು,
ಅದೇ ಅರವತ್ತೈದು, ಕೊಂಚ ಮಸುಕಾಗಿ.
ಅದಕ್ಕೂ ಅಂಟಿಸು ಎಂದಳು.

ದ್ವೀಪಕ್ಕೆ ದೋಣಿ. ನೀರು ಕಳೆಯನ್ನು ಸೀಳಿಕೊಂಡು ದಾರಿ.
ತರಗತಿಯ ಮುಂದೆ ನಿಂತು ಅವಳು ಹೇಳಿದಳು:
ಒಚುಕಾ ಹೇಳಿದ್ದು ಸರಿ. ತಪ್ಪಿದ್ದು ಪುಸ್ತಕ.
ಪುಸ್ತಕ ಮಾಡಿದವಳು ನಾನು.
ಹುಡುಗ ನಗಲಿಲ್ಲ. ಕೇಳಿದ:
ಹಾಗಾದರೆ ಆ ಒಂಬತ್ತು ಮೀನು ಯಾರದು?
ಮೇಷ್ಟ್ರು ನೆಲ ನೋಡಿದರು.
ನಾನು ಗೋಂದಿನ ಡಬ್ಬಿ ನೋಡಿದೆ.
ಅವಳು ಹೇಳಿದಳು, ನನ್ನ ಸಾಲ.

ತೀರಿಸುತ್ತಿದ್ದಾಳೆ, ಕಂತಿನಲ್ಲಿ.
ಅಚ್ಚಿಗೆ ಹೋಗುವ ಮುನ್ನ ಪ್ರತಿ ಲೆಕ್ಕದ ಪುಸ್ತಕವೂ
ಈಗ ದ್ವೀಪಕ್ಕೆ ಹೋಗಿ ಬರುತ್ತದೆ,
ಮೀನಿನ ವಾಸನೆ ಹೊತ್ತು ಹಿಂತಿರುಗುತ್ತದೆ.
ತಪ್ಪು ಹಿಡಿದರೆ ಒಂದಕ್ಕೆ ಇಪ್ಪತ್ತು ಶಿಲಿಂಗು.
ಈ ಸಲ ಹನ್ನೊಂದು ಹಿಡಿದಿದ್ದಾನೆ.
ಎರಡು ತಪ್ಪೇ ಅಲ್ಲ, ಎಂದೆ.
ಕೊಡು, ಎಂದಳು ತಲೆಯೆತ್ತದೆ,
ಅಲ್ಲಿವರೆಗೂ ಓದಿದ್ದಾನಲ್ಲ.

ಮಾರದ ಪರಿಸರದ ರಾಶಿಯ ಮೇಲೆ
ಅವನ ಪಟ್ಟಿ ಇಟ್ಟು ಲೆಕ್ಕ ಬರೆದೆ.
ಹನ್ನೊಂದು ಇಪ್ಪತ್ತಲೆ ಇನ್ನೂರಿಪ್ಪತ್ತು.
ಎರಡು ಸಲ ಗುಣಿಸಿದೆ.